ಮಡಿಕೇರಿ ಮಳೆಗೆ ಮುನ್ನ ಹ್ಯಾಂಡ್‌ಗಾರ್ಡ್: ಮೈಸೂರಿನಿಂದ ಬೈಕ್‌ನಲ್ಲಿ ಹೊರಡುವವರಿಗೆ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ. ದಾರಿ ತಪ್ಪುವ ಮಾತೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಈ ದಾರಿಯಲ್ಲಿ ಸೋಲುವುದು ಟೈರಲ್ಲ, ಎಂಜಿನ್ನಲ್ಲ, ಬೆರಳು. ಕುಶಾಲನಗರ ದಾಟಿ ಆನೆಕಾಡು ಹೊಕ್ಕ ಮೇಲೆ ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಬಂದು ಹೊಡೆಯುತ್ತದೆ. ವಾಟರ್‌ಪ್ರೂಫ್ ಎಂದು ಮಾರಿದ ಗ್ಲೌಸು ಅರ್ಧ ಗಂಟೆಗೆ ನೀರು ಕುಡಿಯುತ್ತದೆ. ಒದ್ದೆ ಗ್ಲೌಸಿಗೆ ಗಾಳಿ ತಗುಲಿದರೆ ಬೆರಳು ಮರಗಟ್ಟಿ ಬ್ರೇಕ್ ಎಷ್ಟು ಒತ್ತಿದೆವು ಎಂಬುದೇ ತಿಳಿಯದು. ಹ್ಯಾಂಡ್‌ಗಾರ್ಡ್ ಎಂದರೆ ಹ್ಯಾಂಡಲ್ ಹಿಡಿದ ಕೈಯ ಮುಂದೆ ಕೂರುವ ಗುರಾಣಿ. ಅದು ಮಳೆ ನಿಲ್ಲಿಸುವುದಿಲ್ಲ, ಗಾಳಿ ತಡೆಯುತ್ತದೆ. ಅಷ್ಟಾದರೆ ಸಾಕು.

ಇಷ್ಟು ಬರೆಯಲು ಕಾರಣ ಹುಣಸೂರಿನ ಒಂದು ಪೆಟ್ರೋಲ್ ಬಂಕ್. ಅಲ್ಲಿ ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ ತಿರುಗಿಸಿದ ಕೂಡಲೇ ಎಂಜಿನ್ ತಾನಾಗಿ ರೈಸ್ ಆಯಿತು. ಹಿಂದಿನ ಸಂಜೆ ಮೈಸೂರಿನ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಹ್ಯಾಂಡ್‌ಗಾರ್ಡ್ ಹಾಕಿಸಲು 500 ರೂಪಾಯಿ ಫಿಟ್ಟಿಂಗ್ ಚಾರ್ಜ್ ಕೊಟ್ಟು, ಇಪ್ಪತ್ತೇ ನಿಮಿಷದಲ್ಲಿ ಮುಗಿದ ಕೆಲಸ. ಗಾರ್ಡನ್ನು ಹ್ಯಾಂಡಲಿಗೆ ಹಿಡಿಸುವ ಬಲಗಡೆಯ ಕ್ಲಾಂಪ್ ಆಕ್ಸಿಲರೇಟರ್ ಕೇಬಲ್ ಮೇಲೇ ಕೂತಿತ್ತು. ಹ್ಯಾಂಡಲ್ ನೇರವಿದ್ದಾಗ ಏನೂ ಗೊತ್ತಾಗದು. ತಿರುಗಿಸಿದರೆ ಸಿಕ್ಕಿಕೊಂಡ ಕೇಬಲ್ ಬಿಗಿಯಾಗಿ ಥ್ರಾಟಲ್ ತೆರೆಯುತ್ತದೆ. ಇದೇ ಘಾಟಿಯ ತಿರುವಿನಲ್ಲಿ ಆಗಿದ್ದರೆ ಬೈಕ್ ಕಾಫಿ ತೋಟದಲ್ಲಿರುತ್ತಿತ್ತು. ಅಂಗಡಿಯವರು ಬೈಕನ್ನು ಹೊರಗೆ ಕೊಡುವ ಮೊದಲು ಒಮ್ಮೆಯೂ ಹ್ಯಾಂಡಲ್ ತಿರುಗಿಸಿ ನೋಡಿರಲಿಲ್ಲ. ನಾಲ್ಕು ಅಲೆನ್ ಕೀ ಇದ್ದವರು ಮನೆಯಲ್ಲೇ ಮಾಡಬಹುದಾದ ಕೆಲಸವಿದು. ಮೊದಲ ಸಲಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಬೇಡ, ಮೂರು ದಿನ ಮೊದಲೇ ಹಾಕಿ, ಚಾಮುಂಡಿ ಬೆಟ್ಟ ಹತ್ತಿಳಿದು ನೋಡಿ.

ಕೊಳ್ಳುವಾಗ ಎರಡು ಜಾತಿ ಕಾಣುತ್ತವೆ. ಒಂದೇ ಕಡೆ ಕ್ಲಾಂಪ್ ಆಗುವ ತೆರೆದ ಪ್ಲಾಸ್ಟಿಕ್ ಗಾರ್ಡ್. ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಒಂದು ತುದಿ ಹ್ಯಾಂಡಲ್ ಬೆಂಡಿನ ಹತ್ತಿರವೂ ಇನ್ನೊಂದು ಹ್ಯಾಂಡಲ್ ತುದಿಯೊಳಗೂ ಕೂರುವ ಮುಚ್ಚಿದ ಗಾರ್ಡ್. ಡಾಂಬರು ರಸ್ತೆ ಬಿಟ್ಟು ಇಳಿಯದವರಿಗೆ ತೆರೆದದ್ದೇ ಸಾಕು, ಹಾಕುವುದೂ ಸುಲಭ. ಆದರೆ ಬೈಕ್ ಬಿದ್ದಾಗ ಲಿವರ್ ಉಳಿಸುವುದು ಮುಚ್ಚಿದ ಗಾರ್ಡ್ ಮಾತ್ರ. ತೋಟದೊಳಗಿನ ಹೋಂಸ್ಟೇಗೆ ಹೋಗುವವರಿಗೆ ನನ್ನ ಮತ ಅದಕ್ಕೇ. ಅಲ್ಲಿ ಕೆಸರಿನಲ್ಲಿ ನಿಂತ ಬೈಕ್ ಕೂಡ ಬೀಳುತ್ತದೆ. ಪಟ್ಟಿಯೇ ಇಲ್ಲದೆ, ಮುಚ್ಚಿದಂತೆ ಕಾಣುವ ಬರೀ ಪ್ಲಾಸ್ಟಿಕ್ ಗಾರ್ಡೂ ಮಾರಾಟಕ್ಕಿದೆ. ಕೈಯಲ್ಲಿ ಹಿಡಿದು ತಿರುಚಿದರೆ ಬಳುಕುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಹ್ಯಾಂಡಲ್ ಅಳತೆ ಮೊದಲೇ ತಿಳಿದಿರಲಿ. ಗ್ರಿಪ್ ಕೂರುವ ಜಾಗದಲ್ಲಿ ಹೆಚ್ಚಿನ ಬೈಕ್‌ಗಳ ಹ್ಯಾಂಡಲ್ 22 ಮಿ.ಮೀ. ನಡುವೆ ದಪ್ಪಗಾಗುವ ಹ್ಯಾಂಡಲ್ ಆದರೆ ಅಲ್ಲಿ 28.6 ಮಿ.ಮೀ. ಇರುತ್ತದೆ, ಒಳ ಕ್ಲಾಂಪ್ ಬೇರೆಯೇ ಬೇಕು. ಹ್ಯಾಂಡಲ್ ತುದಿಯ ಕಬ್ಬಿಣದ ವೇಯ್ಟ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಬೆಸುಗೆ ಹಾಕಿದ ನಟ್ಟು ಕಂಡರೆ ಅದೃಷ್ಟ, ಅದೇ ಅಳತೆಯ ಉದ್ದ ಬೋಲ್ಟ್ ಸಾಕು. ಎಂ6 ಅಥವಾ ಎಂ8, ಅಂದರೆ 6 ಅಥವಾ 8 ಮಿ.ಮೀ. ದಪ್ಪದ್ದು ಇರುತ್ತದೆ. ಬರೀ ಕೊಳವೆಯಾದರೆ, ಬೋಲ್ಟ್ ಬಿಗಿದಂತೆ ಹಿಗ್ಗಿ ಒಳಗೋಡೆ ಹಿಡಿಯುವ ಪ್ಲಗ್ ಬೇಕು. ಇಲ್ಲಿ ಪೆಟ್ಟಿಗೆಯಲ್ಲಿ ಬಂದ ರಬ್ಬರ್ ಪ್ಲಗ್ ನಂಬಬೇಡಿ, ಸೀಳಿರುವ ಅಲ್ಯೂಮಿನಿಯಂ ಪ್ಲಗ್ ಕೇಳಿ ತನ್ನಿ. ಕೊಳವೆಯ ಒಳಗಿನ ತುಕ್ಕು, ಎಣ್ಣೆಯನ್ನು ಬಟ್ಟೆಗೆ ಪೆಟ್ರೋಲ್ ತಾಕಿಸಿ ಒರೆಸಿ. ಎಣ್ಣೆ ಇದ್ದರೆ ಪ್ಲಗ್ ಎಷ್ಟು ಬಿಗಿದರೂ ತಿರುಗುತ್ತದೆ, ಪ್ಲಗ್ ತಿರುಗಿದರೆ ಗಾರ್ಡ್ ಕೆಳಗೆ ತೂಗುತ್ತದೆ.

ಹಳೆ ವೇಯ್ಟ್ ಎಸೆಯಬೇಡಿ. ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಆ ಕಬ್ಬಿಣದ ತುಂಡಿಗೆ ಒಂದೇ ಕೆಲಸ, ನಡುಕ ತಗ್ಗಿಸುವುದು. ತೆಗೆದರೆ 70 ದಾಟಿದ ಮೇಲೆ ಅಂಗೈ ಜುಮುಗುಡುತ್ತದೆ. ಗಾರ್ಡ್ ತುದಿಯಲ್ಲೇ ಮತ್ತೆ ಕೂರಿಸುವಂತಿದ್ದರೆ ಕೂರಿಸಿ.

ಈಗ ಫಿಟ್ಟಿಂಗ್. ಲಿವರ್‌ಗಳು ಈಗಿರುವ ಓರೆಯನ್ನು ಹ್ಯಾಂಡಲ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಎಡ ಗ್ರಿಪ್ ತುದಿ ಮುಚ್ಚಿದ್ದರೆ ಬ್ಲೇಡಿನಿಂದ ದುಂಡಗೆ ಕೊರೆಯಿರಿ. ಬಲಗಡೆ ಗ್ರಿಪ್ ಒಳಗಿನ ಪ್ಲಾಸ್ಟಿಕ್ ಥ್ರಾಟಲ್ ಟ್ಯೂಬೂ ಮುಚ್ಚಿದ್ದರೆ ಅದರ ತುದಿಯನ್ನೂ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ತಿಕ್ಕಬೇಕು, ಇಲ್ಲವಾದರೆ ಆ ಸಿಬಿರೇ ಹ್ಯಾಂಡಲಿಗೆ ಕಚ್ಚುತ್ತದೆ. ಬ್ರೇಕ್, ಕ್ಲಚ್ ಲಿವರ್‌ಗಳ ಕ್ಲಾಂಪ್ ಸಡಿಲಿಸಿ 5ರಿಂದ 10 ಮಿ.ಮೀ. ಒಳಗೆ ಸರಿಸಿ. ಹಾಗೆ ಮಾಡದಿದ್ದರೆ ಲಿವರಿನ ಗುಂಡು ತುದಿ ಗಾರ್ಡಿಗೆ ಬಡಿಯುತ್ತದೆ. ಎರಡರ ನಡುವೆ ಕಿರುಬೆರಳು ತೂರುವಷ್ಟಾದರೂ ಸಂದು ಬೇಕು. ಕೆಲವು ಬೈಕ್‌ಗಳಲ್ಲಿ ಸ್ವಿಚ್ ಬಾಕ್ಸ್‌ನೊಳಗೆ ಸಣ್ಣ ಪಿನ್ ಇದ್ದು ಹ್ಯಾಂಡಲ್ ರಂಧ್ರದಲ್ಲಿ ಕೂತಿರುತ್ತದೆ, ಹಾಗಾಗಿ ಬಾಕ್ಸ್ ಸರಿಯದು, ಅದರ ಹಿಂದಿನ ಲಿವರೂ ಸರಿಯದು. ಆ ಪಿನ್ ತೇಯಬೇಡಿ. ಬಲಗಡೆಯದು ತೇದರೆ ಆಕ್ಸಿಲರೇಟರ್ ತಿರುಗಿಸಿದಾಗ ಬಾಕ್ಸೇ ತಿರುಗುತ್ತದೆ. ಬದಲಿಗೆ ಹೆಚ್ಚು ಬಾಗಿದ ಪಟ್ಟಿಯ ಗಾರ್ಡ್ ಆರಿಸಿ.

ಬ್ರೇಕ್ ಕಡೆಯ ಕ್ಲಾಂಪ್ ಮತ್ತೆ ಬಿಗಿಯುವಾಗ ಬಾಣದ ಗುರುತು ಮೇಲಿರಲಿ. ಮೇಲಿನ ಬೋಲ್ಟ್ ಮೊದಲು, ಕೆಳಗಿನದು ಆಮೇಲೆ. ಇದನ್ನು ಕಲ್ಲಿನ ಹಾಗೆ ಬಿಗಿಯಬಾರದು. ಬೈಕ್ ಬಿದ್ದರೆ ಕ್ಲಾಂಪ್ ಸ್ವಲ್ಪ ತಿರುಗಿಕೊಳ್ಳಬೇಕು, ಇಲ್ಲವಾದರೆ ಲಿವರ್ ಮುರಿಯುತ್ತದೆ. ಬ್ರೇಕ್ ಆಯಿಲ್ ಡಬ್ಬಿ ನೆಟ್ಟಗಿದೆಯೇ ಎಂದೂ ನೋಡಿ.

ಇನ್ನು ಗಾರ್ಡ್. ಒಳಗಿನ ಕ್ಲಾಂಪ್, ತುದಿಯ ಬೋಲ್ಟ್ ಎರಡನ್ನೂ ಕೈಯಲ್ಲಿ ತಿರುಗಿಸುವಷ್ಟೇ ಸಡಿಲವಾಗಿ ಹಾಕಿ, ಗಾರ್ಡ್ ತಾನಾಗಿ ತನ್ನ ಜಾಗ ಹುಡುಕಿಕೊಳ್ಳಲಿ. ಒಂದು ತುದಿ ಪೂರ್ತಿ ಬಿಗಿದು ಇನ್ನೊಂದನ್ನು ಎಳೆದು ಕೂರಿಸುವುದೇ ಅಂಗಡಿಗಳಲ್ಲಿ ನಡೆಯುವ ತಪ್ಪು. ಆಗ ಪಟ್ಟಿ ಸ್ಪ್ರಿಂಗ್‌ನಂತೆ ಎಳೆದುಕೊಂಡೇ ಇದ್ದು, ನಾಲ್ಕು ಹಂಪ್ ದಾಟುವಷ್ಟರಲ್ಲಿ ಬೋಲ್ಟ್ ಸಡಿಲಾಗುತ್ತದೆ. ಕ್ಲಚ್ ಕೇಬಲ್, ಬ್ರೇಕ್ ಹೋಸ್, ಬ್ರೇಕ್ ಲೈಟ್ ಸ್ವಿಚ್‌ನ ವೈರ್, ಆಕ್ಸಿಲರೇಟರ್ ಕೇಬಲ್, ಈ ನಾಲ್ಕೂ ಕ್ಲಾಂಪಿನ ಹೊರಗೆ ಸರಾಗವಾಗಿ ಬಾಗಿ ಹೋಗಬೇಕು, ಎಲ್ಲೂ ಮಡಚಬಾರದು. ಬಲ ಗ್ರಿಪ್ ತುದಿಗೂ ಗಾರ್ಡಿಗೂ ನಡುವೆ 2ರಿಂದ 3 ಮಿ.ಮೀ. ಸಂದು ಬಿಡಿ. ಸಂದು ಸಾಲದಿದ್ದರೆ ತುದಿಗೆ ಒಂದು ವಾಷರ್ ಹೆಚ್ಚು ಹಾಕಿ. ಆಕ್ಸಿಲರೇಟರ್ ಅಂಟಿಕೊಳ್ಳುವ ದೂರುಗಳ ಮೂಲ ಹೆಚ್ಚಾಗಿ ಈ ಸಂದೇ.

ಬಿಗಿಯುವಾಗ ಟಾರ್ಕ್ ರೆಂಚ್ ಇದ್ದರೆ ಎಂ6ಗೆ 8ರಿಂದ 10 ನ್ಯೂಟನ್ ಮೀಟರ್, ಎಂ8ಗೆ 20ರ ಸುತ್ತಮುತ್ತ. ಗಾರ್ಡ್ ಜೊತೆಗಿನ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ರೆಂಚ್ ಇಲ್ಲದವರು ಅಲೆನ್ ಕೀಯ ಗಿಡ್ಡ ಕಾಲು ಹಿಡಿದು ಶುರು ಮಾಡಿ, ಕೊನೆಗಷ್ಟೇ ಉದ್ದ ಕಾಲು ಬಳಸಿ. ಅಲ್ಯೂಮಿನಿಯಂ ಕ್ಲಾಂಪಿನ ಥ್ರೆಡ್ ಒಮ್ಮೆ ಹೋದರೆ ಹೋಯಿತು. ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಕೆಂಪು ಬೇಡ, ಮುಂದೆ ಬಿಚ್ಚಲು ಬಿಸಿ ಕೊಡಬೇಕಾಗುತ್ತದೆ. ಕನ್ನಡಿ ಕಾಂಡಕ್ಕೆ ಕೂರುವ ಗಾರ್ಡ್ ಆದರೆ ಒಂದು ಎಚ್ಚರ: ಯಮಹಾ ಬೈಕ್‌ಗಳಲ್ಲಿ ಬಲಗನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ, ಮಾಮೂಲಿ ದಿಕ್ಕಿಗೆ ಒತ್ತಿ ತಿರುಗಿಸಿ ಹಾಳು ಮಾಡಿಕೊಳ್ಳಬೇಡಿ.

ಕೊನೆಯ ಪರೀಕ್ಷೆ ಬಿಟ್ಟರೆ ಉಳಿದದ್ದೆಲ್ಲ ದಂಡ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಐಡ್ಲಿಂಗ್ ಒಂದಿಷ್ಟೂ ಏರಬಾರದು. ಎಡ, ಬಲ, ನೇರ, ಮೂರೂ ಸ್ಥಿತಿಯಲ್ಲಿ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಪ್ಪೆಂದು ಹಿಂದಕ್ಕೆ ಬರಬೇಕು. ಲಿವರ್ ಎರಡನ್ನೂ ಗ್ರಿಪ್‌ವರೆಗೆ ಎಳೆದು ನೋಡಿ. ಗಾರ್ಡ್ ಟ್ಯಾಂಕಿಗಾಗಲಿ ಮುಂದಿನ ಗಾಜಿಗಾಗಲಿ ತಾಗಬಾರದು. ಎಡಕ್ಕೆ ಹ್ಯಾಂಡಲ್ ಲಾಕ್ ಬೀಳುತ್ತದೆಯೇ ಎಂಬುದನ್ನೂ ನೋಡಿ, ಇದನ್ನು ಯಾರೂ ನೋಡುವುದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದು ಮಾತು. 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಮದ್ದೂರು, ಮಂಡ್ಯ ಎಲ್ಲವೂ ಸರ್ವಿಸ್ ರಸ್ತೆಯಲ್ಲೇ, ಹಂಪ್ ಎಣಿಸುತ್ತಾ. ಆ ಹಂಪ್‌ಗಳೇ ನಿಮ್ಮ ಬೋಲ್ಟ್‌ಗಳಿಗೆ ಪರೀಕ್ಷೆ, ಮೈಸೂರು ತಲುಪಿದಾಗ ಒಮ್ಮೆ ಬಿಗಿದು ನೋಡಿ.

ಮೈಸೂರಿನಿಂದ ಹೊರಟವರಿಗೆ ಬೋಲ್ಟ್ ಬಿಗಿದು ನೋಡುವ ಜಾಗ ಹುಣಸೂರು ಮತ್ತು ಪಿರಿಯಾಪಟ್ಟಣದ ನಡುವಿನ ಹೆಂಚಿನ ಹೋಟೆಲುಗಳು, ಅಂದರೆ ಮೊದಲ 50, 60 ಕಿ.ಮೀ. ಮುಗಿದ ಕಡೆ. ಬೋರ್ಡ್ ಇಲ್ಲದ್ದನ್ನೇ ಆರಿಸಿ. ಆಗಸ್ಟ್‌ನಲ್ಲಿ ಈ ಸೀಮೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಮಳೆಯ ನಡುವೆಯೂ ಗಾಳಿಯಲ್ಲಿ ಆ ಘಾಟು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೆ ಬೆಣ್ಣೆ. ರೊಟ್ಟಿ ಹೆಂಚಿನ ಮೇಲೇ ತಟ್ಟಿದ್ದು, ಅಂಚಿನಲ್ಲಿ ಬೆರಳಿನ ಗುರುತು ಕಾಣಬೇಕು. ಚಟ್ನಿ ಕಪ್ಪಗಿದ್ದಷ್ಟೂ ಒಳ್ಳೆಯದು, ಬೆಳ್ಳುಳ್ಳಿ ಮುಂದಾಗಿರಬೇಕು. ಎರಡು ರೊಟ್ಟಿ, ಒಂದು ಟೀ ಸೇರಿ 70 ರೂಪಾಯಿ ದಾಟಲಿಲ್ಲ. ಮೂರನೆಯ ರೊಟ್ಟಿ ಬೇಡವೆಂದರೂ ತಟ್ಟೆಗೆ ಬಿತ್ತು, ಅದರ ಲೆಕ್ಕ ಬಿಲ್ಲಿನಲ್ಲಿ ಬರಲಿಲ್ಲ. ಒದ್ದೆ ಗ್ಲೌಸನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಲು ಬಿಡುತ್ತಾರೆ. ಮಡಿಕೇರಿಯಲ್ಲಿ ಇದರ ನಾಲ್ಕು ಪಟ್ಟು ಕೊಟ್ಟರೂ ಈ ರೊಟ್ಟಿ ಸಿಗದು. ರೊಟ್ಟಿ ಬೇಯುವಷ್ಟರಲ್ಲಿ ಅಲೆನ್ ಕೀ ತೆಗೆದು ನಾಲ್ಕೂ ಬೋಲ್ಟ್ ಮುಟ್ಟಿ ನೋಡಿ. ಕಾಲು ಸುತ್ತು ಬಿಗಿಯಾದರೆ ಸಹಜ, ಒಂದು ಸುತ್ತು ಬಿಗಿಯಾದರೆ ಪ್ಲಗ್ ಹಿಡಿದಿಲ್ಲ ಎಂದರ್ಥ.

ಮಡಿಕೇರಿ ಹತ್ತಿರ ನಾನು ತಂಗಿದ 3,200 ರೂಪಾಯಿಯ ಕೋಣೆಯ ಬಗ್ಗೆ ಹೆಚ್ಚು ಬರೆಯುವುದು ದಂಡ. ‘ಪಾರ್ಕಿಂಗ್ ಇದೆ’ ಎಂದದ್ದು ಕೆಂಪು ಮಣ್ಣಿನ ಇಳಿಜಾರು. ಬುಕ್ ಮಾಡುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಬೈಕ್ ನಿಲ್ಲುವ ನೆಲ ಕಾಂಕ್ರೀಟೋ ಮಣ್ಣೋ? ರಾತ್ರಿ ಸೈಡ್ ಸ್ಟ್ಯಾಂಡ್ ಹೂತುಹೋಗಿ ಬೈಕ್ ಎಡಕ್ಕೆ ಮಲಗಿತ್ತು. ಗಾರ್ಡಿನ ಪ್ಲಾಸ್ಟಿಕ್ ಗೀರಿತು, ಕ್ಲಚ್ ಲಿವರ್ ಉಳಿಯಿತು. ಸ್ಟ್ಯಾಂಡಿನ ಕೆಳಗಿಡಲು ಒಂದು ಚಪ್ಪಟೆ ಹಲಗೆ ಒಯ್ಯಿರಿ.

ರಾಜಾಸೀಟು, ಅಬ್ಬಿ ಜಲಪಾತ ಶನಿವಾರ, ಭಾನುವಾರ ಬೇಡವೇ ಬೇಡ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ 8 ಕಿ.ಮೀ. ಮಾತ್ರ ಈ ಮಳೆ ತಿಂಗಳುಗಳಲ್ಲೂ ಹೋಗಬೇಕಾದದ್ದು. ತ್ರಿವೇಣಿ ಸಂಗಮದಲ್ಲಿ ನೀರು ಏರಿದೆಯೇ ಎಂದು ಮೊದಲು ವಿಚಾರಿಸಿ. ಮೇಲೆ ಅಡ್ಡಗಾಳಿ ಜೋರು. ಗಾರ್ಡಿನ ಮೇಲೆ ಕೂರಿಸುವ ಹೆಚ್ಚುವರಿ ಅಗಲದ ಪ್ಲಾಸ್ಟಿಕ್ ಇದ್ದರೆ ಭಾಗಮಂಡಲದಲ್ಲೇ ಕಳಚಿಡಿ, ಅದು ಹಾಯಿಯಂತೆ ಗಾಳಿ ಹಿಡಿದು ಹ್ಯಾಂಡಲನ್ನು ಎಳೆಯುತ್ತದೆ.

ಊರಿಗೆ ಬಂದ ಮೇಲೆ ಪ್ಲಾಸ್ಟಿಕ್ ಬಿಚ್ಚಿ ತೊಳೆಯಿರಿ. ಕೊಡಗಿನ ಕೆಂಪು ಕೆಸರು ಬಲಗಡೆಯ ಆ 2 ಮಿ.ಮೀ. ಸಂದಿಯಲ್ಲಿ ಒಣಗಿದರೆ ಆಕ್ಸಿಲರೇಟರ್ ಮರಳು ಅರೆದಂತೆ ತಿರುಗುತ್ತದೆ. ಗಾರ್ಡ್ ಹಾಕಿದ ಬೈಕ್ ಎರಡೂ ಕಡೆ ಎರಡೆರಡು ಬೆರಳು ಅಗಲವಾಗಿರುತ್ತದೆ ಎಂಬುದು ಘಾಟಿಯಲ್ಲಿ ಅಲ್ಲ, ದೇವರಾಜ ಮಾರ್ಕೆಟ್ ಪಕ್ಕದ ಬೈಕ್ ಸಾಲಿನಲ್ಲಿ ನೆನಪಾಗುತ್ತದೆ. ಅಲ್ಲಿ ಹಿಂದಕ್ಕೆ ಎಳೆಯುವಾಗ ಪಕ್ಕದವರ ಬ್ರೇಕ್ ಲಿವರ್ ಸಿಕ್ಕಿಕೊಳ್ಳುತ್ತದೆ, ಆಮೇಲೆ ಇಡೀ ಸಾಲೇ ಒಂದರ ಮೇಲೊಂದು.