ಪಾಠ ನೋಡಲು ಯಾರೂ ಬಂದಿಲ್ಲ

ಕಳೆದ ಬುಧವಾರ ನಮ್ಮ ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಕೇಳಿದ ಒಂದು ಮಾತು ಇಂದಿನವರೆಗೂ ನನ್ನ ಕಿವಿಯಲ್ಲಿದೆ. ಅಂದಿನ ವಿಷಯ ಶಿಕ್ಷಕರ ವೃತ್ತಿಪರ ಬೆಳವಣಿಗೆ ಮತ್ತು ನಾಯಕತ್ವ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಯುವಕರು ಪರದೆಯನ್ನು ಬಿಟ್ಟು ನಮ್ಮ ಮುಖಗಳನ್ನು ನೋಡಿ ಮಾತನಾಡುತ್ತಿದ್ದರು, ಅಂಥವರು ಅಪರೂಪ. “ಇನ್ನೊಬ್ಬ ಶಿಕ್ಷಕರು ನಿಮ್ಮ ತರಗತಿಯಲ್ಲಿ ಒಂದು ಅವಧಿ ಪೂರ್ತಿ ಕುಳಿತು ಪಾಠ ನೋಡಿದ್ದು ಯಾವಾಗ?” ಎಂದು ಅವರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಹಿರಿಯ ಶಿಕ್ಷಕಿಯೊಬ್ಬರು ಎದ್ದು ನಿಂತರು.

“ಇಪ್ಪತ್ತಾರು ವರ್ಷ ಆಯ್ತು ಸರ್. ತಪಾಸಣೆಗೆ ಬಂದೋರು ಬೇಕಾದಷ್ಟು ಜನ. ಪಾಠ ನೋಡೋಕೆ ಅಂತ ಯಾರೂ ಬಂದಿಲ್ಲ.”

ಅವರ ದನಿಯಲ್ಲಿ ಸಿಟ್ಟಾಗಲಿ ದೂರಾಗಲಿ ಇರಲಿಲ್ಲ. ವಯಸ್ಸೋ ಊರೋ ಕೇಳಿದರೆ ಹೇಳುವಷ್ಟು ಸಹಜವಾಗಿ ಹೇಳಿ ಕುಳಿತರು. ಅದೇ ನನ್ನನ್ನು ಕಲಕಿತು. ಹಾಜರಿ ಪುಸ್ತಕ, ಪಾಠಯೋಜನೆ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್‌ ಜಾಲತಾಣದ ನಮೂದು ಎಲ್ಲವನ್ನೂ ನೋಡುವವರಿದ್ದಾರೆ. ಆದರೆ ಮಗುವಿನ ತಲೆಯಲ್ಲಿ ಒಂದು ವಿಷಯ ಹೇಗೆ ಕೂರುತ್ತದೆ ಎಂಬುದನ್ನು ಈ ಶಿಕ್ಷಕಿ ಕಾಲು ಶತಮಾನದಿಂದ ಬಲ್ಲರು, ಅದನ್ನು ಬೇರೆ ಯಾರೂ ಕಂಡಿಲ್ಲ.

ಅವರ ಶಾಲೆ ನಮ್ಮ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಮುಖ್ಯಶಿಕ್ಷಕರ ಅನುಮತಿ ಪಡೆದು ಶುಕ್ರವಾರ ಅವರ ಮೂರನೇ ತರಗತಿಯ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತೆ. ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊರಲು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಕರಿಹಲಗೆಯ ಮೇಲೆ ನಲವತ್ತೆರಡರಿಂದ ಹದಿನೇಳನ್ನು ಕಳೆಯುವ ಲೆಕ್ಕವಿತ್ತು. ಒಬ್ಬ ಹುಡುಗಿ ಸ್ಲೇಟಿನಲ್ಲಿ ಮೂವತ್ತೈದು ಎಂದು ಬರೆದು ತೋರಿಸಿದಳು. ನಾನಾಗಿದ್ದರೆ ತಕ್ಷಣ ತಿದ್ದುತ್ತಿದ್ದೆ. ಅವರು ತಿದ್ದಲಿಲ್ಲ, ರಬ್ಬರ್‌ ಬ್ಯಾಂಡ್ ಹಾಕಿದ ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಅವಳ ಮುಂದಿಟ್ಟು, “ಹದಿನೇಳು ಕಡ್ಡಿ ನಂಗೆ ಕೊಡು ಪುಟ್ಟಿ” ಎಂದರು. ಹುಡುಗಿ ಒಂದು ಕಟ್ಟು ಕೊಟ್ಟಳು, ಎರಡು ಬಿಡಿ ಕಡ್ಡಿಗಳನ್ನೂ ಕೊಟ್ಟಳು, ಆಮೇಲೆ ಕೈ ತಡೆಯಿತು. ಮೇಡಂ ಕಾದರು. ಬಹಳ ಹೊತ್ತು ಕಾದರು. ಕೊನೆಗೆ ಹುಡುಗಿ ತಾನೇ ಇನ್ನೊಂದು ಕಟ್ಟಿನ ರಬ್ಬರ್‌ ಬ್ಯಾಂಡ್ ಬಿಚ್ಚಿ ಐದು ಕಡ್ಡಿ ಎಣಿಸಿ ಕೊಟ್ಟಳು, ಉಳಿದದ್ದನ್ನು ಎಣಿಸಿದಳು, ಸ್ಲೇಟನ್ನು ಅಂಗೈಯಿಂದ ಒರೆಸಿದಳು.

ಬಿಡಿ ಸ್ಥಾನದಲ್ಲಿ ಎರಡರಿಂದ ಏಳನ್ನು ಕಳೆಯುವ ಬದಲು ಏಳರಿಂದ ಎರಡನ್ನು ಕಳೆದರೆ ಉತ್ತರ ಮೂವತ್ತೈದು ಬರುತ್ತದೆ, ಚಿಕ್ಕದನ್ನು ದೊಡ್ಡದರಿಂದ ಕಳೆಯುವ ಆ ರೂಢಿ ತಿದ್ದಿದರೆ ಹೋಗುವುದಿಲ್ಲ, ಕಟ್ಟು ಬಿಚ್ಚಿದರೆ ಮಾತ್ರ ಹೋಗುತ್ತದೆ ಎಂದು ಅವರು ಆಮೇಲೆ ವಿವರಿಸಿದರು. ಇದನ್ನು ಬೇರೆ ಶಿಕ್ಷಕರಿಗೆ ಹೇಳಿದ್ದೀರಾ ಎಂದು ಕೇಳಿದೆ. “ಯಾರೂ ಕೇಳಲಿಲ್ವಲ್ಲ ಸರ್” ಎಂದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ತರಬೇತಿಯಲ್ಲಿ ಪಾಲ್ಗೊಳ್ಳಬೇಕು. ಅದು ಒಳ್ಳೆಯ ಆಶಯವೆಂದೇ ನಾನು ನಂಬಿದ್ದೇನೆ. ಶಿಕ್ಷಕರ ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆಯಲ್ಲಿ ಮುಗಿಸಿದ ಕೋರ್ಸ್‌ಗಳ ಪ್ರಮಾಣಪತ್ರಗಳು ನನ್ನ ಫೋನಿನಲ್ಲಿವೆ, ಅವುಗಳಿಂದ ಕಲಿತದ್ದೂ ಉಂಟು. ಆದರೆ ಆ ಮೂರನೇ ತರಗತಿಯಲ್ಲಿ ಕುಳಿತ ನಲವತ್ತು ನಿಮಿಷಗಳಲ್ಲಿ ಕಲಿತದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು? ಜಪಾನಿನಲ್ಲಿ ಶಿಕ್ಷಕರು ಒಂದು ಪಾಠವನ್ನು ಜೊತೆಗೂಡಿ ಸಿದ್ಧಪಡಿಸಿ, ಒಬ್ಬರು ಕಲಿಸುವಾಗ ಉಳಿದವರು ಕುಳಿತು ನೋಡಿ ಚರ್ಚಿಸುವ ಪದ್ಧತಿ ನೂರು ವರ್ಷಕ್ಕೂ ಹಳೆಯದು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡು ಬಂದು, ತಾವೇ ಕುಳಿತು ಕಲಿಕಾ ಕಾರ್ಡುಗಳನ್ನು ಬರೆದದ್ದರಿಂದಲೇ ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ ಹುಟ್ಟಿತು. ಅವರು ಬಡ್ತಿ ಪಡೆದ ಅಧಿಕಾರಿಗಳಲ್ಲ, ತರಗತಿಯಲ್ಲಿದ್ದ ಮೇಷ್ಟ್ರುಗಳು. ನಾಯಕತ್ವ ಎಂದರೆ ನನಗೆ ಅದೇ.

ನಮ್ಮಲ್ಲಿ ಮುಂದೆ ಹೋಗುವುದೆಂದರೆ ಮಕ್ಕಳಿಂದ ದೂರ ಹೋಗುವುದು. ಚೆನ್ನಾಗಿ ಕಲಿಸುವವರು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಆಗುತ್ತಾರೆ, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿ (ಬಿಆರ್‌ಪಿ) ಆಗುತ್ತಾರೆ, ಸುತ್ತೋಲೆ ಮತ್ತು ವರದಿಗಳ ನಡುವೆ ಅವರ ಸೀಮೆಸುಣ್ಣ ಕೈ ತಪ್ಪುತ್ತದೆ. ಪ್ರಾಥಮಿಕ ಹಂತದಲ್ಲೇ ಉಳಿದವರಿಗೂ ಅಲ್ಲಿಯೇ ಬಡ್ತಿ ಮತ್ತು ವೇತನದ ಬೆಳವಣಿಗೆ ಸಿಗಬೇಕೆಂದು ಅದೇ ನೀತಿ ಹೇಳುತ್ತದೆ. ಈ ಮಾತು ಐವತ್ತು ಗಂಟೆಯ ಮಾತಿನಷ್ಟು ಚರ್ಚೆಗೆ ಬರುವುದಿಲ್ಲ ಎಂಬುದು ನನ್ನ ದುಃಖ. ಮೂರನೇ ತರಗತಿಯನ್ನು ಬಿಟ್ಟು ಹೋಗಲು ಮನಸ್ಸಾಗದ ಆ ಮೇಡಂ ಅವರನ್ನು ಸಹೋದ್ಯೋಗಿಗಳು ‘ಮುಂದೆ ಬರಲಿಲ್ಲ’ ಎನ್ನುತ್ತಾರೆ. ಅದು ಅನ್ಯಾಯದ ಮಾತು.

ಹೊರಡುವ ಮುನ್ನ, ನನ್ನ ಆರನೇ ತರಗತಿಯ ಪಾಠವನ್ನು ಬಂದು ನೋಡುವಿರಾ ಎಂದು ಕೇಳಿದೆ. ಮಂಗಳವಾರ ಮೂರನೇ ಅವಧಿಗೆ ಬರಲು ಒಪ್ಪಿದರು. ಗೇಟಿನವರೆಗೂ ಜೊತೆಗೆ ಬಂದವರು ಮೆಲ್ಲಗೆ ಒಂದು ಮಾತು ಸೇರಿಸಿದರು: “ನನಗೋಸ್ಕರ ಅಂತ ಏನೂ ತಯಾರಿ ಮಾಡ್ಬೇಡಿ ಸರ್. ದಿನಾ ಮಾಡೋ ಪಾಠಾನೇ ಮಾಡಿ.”