ಕಣ್ಣು ಮುಚ್ಚಿಸುವ ಮೊದಲೇ ಆಗಬೇಕಾದ ಕೆಲಸ

ನನ್ನ ಬಳಿ ಬರುವ ಹೆಚ್ಚಿನವರಿಗೆ ಒಂದು ಅವಸರ ಇರುತ್ತದೆ. ಕುರ್ಚಿಯಲ್ಲಿ ಕೂತ ಕೂಡಲೇ ‘ಈಗ ಕಣ್ಣು ಮುಚ್ಚಲಾ?’ ಎಂದು ಕೇಳುತ್ತಾರೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಸಮ್ಮೋಹನದ ಮೂಲಕ ಚಿಕಿತ್ಸೆ ಕೊಡುವ ಹಿಪ್ನೋಥೆರಪಿ ನನ್ನ ಕೆಲಸದ ಒಂದು ಭಾಗ. ಮೊದಲ ಭೇಟಿಯಲ್ಲಿ ನಾನು ಯಾರ ಕಣ್ಣನ್ನೂ ಮುಚ್ಚಿಸುವುದಿಲ್ಲ. ಅವತ್ತು ಬರೀ ಮಾತುಕತೆ. ಸಮ್ಮೋಹನದಲ್ಲಿ ಕೊಡುವ ಸೂಚನೆ ನಾಟಬೇಕಾದರೆ, ಅದಕ್ಕೆ ಮೊದಲು ಎದುರಿಗಿರುವವರ ತೊಂದರೆಯನ್ನು ಎಳೆ ಎಳೆಯಾಗಿ ಕೇಳಿಕೊಂಡಿರಬೇಕು. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಇದು.

ಒಬ್ಬರು ಉಗುರು ಕಚ್ಚುವ ಅಭ್ಯಾಸ ಬಿಡಬೇಕು ಅಂತ ಬಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಬೆರಳ ತುದಿಗಳೆಲ್ಲ ಕೆಂಪಾಗಿದ್ದವು, ಒಂದೆರಡು ಕಡೆ ಚರ್ಮವೂ ಕಿತ್ತುಬಂದಿತ್ತು. ‘ಯಾವಾಗ ಕಚ್ಚುತ್ತೀರಿ?’ ಎಂದು ಕೇಳಿದೆ. ‘ಟೆನ್ಷನ್ ಆದಾಗ’ ಎಂದರು. ಎಲ್ಲರೂ ಹೇಳುವ ಉತ್ತರ ಅದೇ, ಅಲ್ವಾ? ಅಷ್ಟಕ್ಕೇ ನಿಂತಿದ್ದರೆ ನಾನು ಟೆನ್ಷನ್ ಕಡಿಮೆಯಾಗಲಿ ಎಂಬ ಸೂಚನೆ ಕೊಟ್ಟು ಕಳಿಸುತ್ತಿದ್ದೆ.

ಆದರೆ ಮಾತಾಡುತ್ತಿದ್ದಾಗಲೇ ಅವರ ಹೆಬ್ಬೆರಳು ಸುಮ್ನೆ ಇರಲಿಲ್ಲ. ಉಳಿದ ಬೆರಳುಗಳ ಉಗುರಿನ ಅಂಚನ್ನು ಒಂದೊಂದಾಗಿ ಸವರುತ್ತಿತ್ತು. ಎಲ್ಲೋ ಒಂದು ಕಡೆ ಒರಟು ಸಿಕ್ಕಿತು, ಕೈ ನೇರ ಬಾಯಿಗೆ ಹೋಯಿತು. ‘ಈಗ ನಡೆದದ್ದನ್ನು ನಿಧಾನವಾಗಿ ಇನ್ನೊಮ್ಮೆ ಮಾಡಿ ತೋರಿಸಿ’ ಎಂದೆ. ಮಾಡಿದರು. ಹೆಬ್ಬೆರಳು ಹುಡುಕುತ್ತದೆ, ಒರಟು ಸಿಗುತ್ತದೆ, ಅದನ್ನು ಸಮ ಮಾಡಲು ಹಲ್ಲು ಬರುತ್ತದೆ, ಕಚ್ಚಿದ ಮೇಲೆ ಅಂಚು ಇನ್ನಷ್ಟು ಒರಟಾಗುತ್ತದೆ. ತಾವೇ ಗಮನಿಸದ ಇಷ್ಟು ದೊಡ್ಡ ಸುತ್ತು ತಮ್ಮ ಕೈಯಲ್ಲೇ ನಡೆಯುತ್ತಿದೆ ಎಂದು ಗೊತ್ತಾದಾಗ ಅವರಿಗೂ ಆಶ್ಚರ್ಯ.

ಮುಂದಿನ ಭೇಟಿಯಲ್ಲಿ ಸೂಚನೆ ಕೊಟ್ಟದ್ದು ಹೆಬ್ಬೆರಳಿಗೆ. ಕಣ್ಣು ಮುಚ್ಚಿ, ಉಸಿರು ನಿಧಾನವಾಗಿ, ದೇಹ ಹಗುರಾದ ಮೇಲೆ ಕೈಯನ್ನು ಬಹಳ ಮೆಲ್ಲಗೆ ಮೇಲೆತ್ತಲು ಹೇಳಿದೆ. ‘ಹೆಬ್ಬೆರಳು ಉಗುರಿಗೆ ತಾಕಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಉಸಿರು ಹೊರಗೆ ಬಿಡುತ್ತೀರಿ. ಕೈ ತಾನಾಗೇ ಭಾರವಾಗಿ ತೊಡೆಯ ಮೇಲೆ ಕೂರುತ್ತದೆ.’ ಇದನ್ನೇ ಹಲವು ಸಲ ಮಾಡಿಸಿದೆ. ‘ಕಚ್ಚಬೇಡಿ’ ಎಂಬ ಮಾತನ್ನು ಎಲ್ಲೂ ಬಳಸಲಿಲ್ಲ. ಹಾಗೆಂದರೆ ಮನಸ್ಸಿನಲ್ಲಿ ಮೊದಲು ಮೂಡುವುದೇ ಕಚ್ಚುವ ಚಿತ್ರ. ಜೊತೆಗೆ ಒರಟು ಅಂಚು ಸಿಕ್ಕರೆ ಉಜ್ಜಿಕೊಳ್ಳಲು ಜೇಬಲ್ಲಿ ಒಂದು ನೇಲ್ ಫೈಲ್ ಇಟ್ಟುಕೊಂಡಿರಿ ಎಂದೂ ಹೇಳಿದೆ. ಎಲ್ಲವನ್ನೂ ಹಿಪ್ನೋಸಿಸ್ ಮೇಲೇ ಹೊರಿಸುವ ಹಟ ನನಗಿಲ್ಲ. ಬರುಬರುತ್ತಾ ಉಗುರು ಬೆಳೆದವು. ಎಡಗೈಯ ಒಂದು ಬೆರಳು ಮಾತ್ರ ಕೆಲಸದ ಒತ್ತಡ ಜಾಸ್ತಿಯಾದಾಗ ಈಗಲೂ ಬಾಯಿಗೆ ಹೋಗುತ್ತದಂತೆ.

ಸಮ್ಮೋಹನದಲ್ಲಿ ಪ್ರಜ್ಞೆ ಇರುತ್ತದಾ, ಗುಟ್ಟೆಲ್ಲ ಬಾಯಿಬಿಡುತ್ತೇನಾ ಎಂಬ ಭಯ ಹಲವರಿಗೆ. ಪ್ರಜ್ಞೆ ಇದ್ದೇ ಇರುತ್ತದೆ. ನನ್ನ ಮಾತು ಕೇಳುತ್ತದೆ, ಹೊರಗಿನ ಸದ್ದೂ ಕೇಳಬಹುದು, ಬೇಡ ಅನಿಸಿದರೆ ಕಣ್ಣು ತೆರೆಯಬಹುದು. ಗಮನವೆಲ್ಲ ಒಂದೇ ಕಡೆ ಕೂಡಿಬಂದಿರುತ್ತದೆ, ಅಷ್ಟೇ. ಗೋವಾದಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫರಿಯಾ 1813ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಜನರ ಮುಂದೆ ಮಾಡಿ ತೋರಿಸಿದವರು. ಮಾಡಿಸುವವನಲ್ಲಿ ಯಾವ ಶಕ್ತಿಯೂ ಇಲ್ಲ, ನಡೆಯುವುದೆಲ್ಲ ಕೂತವರ ಒಳಗೇ ಎಂದು ಆಗಲೇ ಹೇಳಿದ್ದರು. ನನಗೆ ಈ ಮಾತಿನ ಮೇಲೆ ತುಂಬಾ ಗೌರವ. ದಿನವೂ ನಾನು ಕಾಣುವುದು ಅದನ್ನೇ.

ದೇಹದ ತೊಂದರೆಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಕರುಳಿನ ತೊಂದರೆಯ ವಿಷಯದಲ್ಲಿ. ಪದೇ ಪದೇ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ, ಪರೀಕ್ಷೆ ಮಾಡಿದರೆ ಎಲ್ಲ ಸರಿ ಎನ್ನುವ ರಿಪೋರ್ಟ್. ಇಂಥವರು ನೋವಿನ ಜೊತೆ ‘ಎಲ್ಲ ನಿನ್ನ ಮನಸ್ಸಿನ ಕಲ್ಪನೆ’ ಎಂಬ ಮಾತನ್ನೂ ಕೇಳಿಸಿಕೊಂಡು ಬಂದಿರುತ್ತಾರೆ. ನೋವು ನಿಜ. ಕರುಳಿಗೂ ಮೆದುಳಿಗೂ ನಡುವೆ ನರಗಳ ಓಡಾಟ ಇದೆ, ಅಲ್ಲಿ ಸಣ್ಣ ಸೆಳೆತವೂ ದೊಡ್ಡ ನೋವಾಗಿ ಕೇಳಿಸುತ್ತಿರುತ್ತದೆ. ಮ್ಯಾಂಚೆಸ್ಟರ್‌ನ ವೈದ್ಯ ಪೀಟರ್ ವೋರ್ವೆಲ್ ತಂಡ 1984ರಲ್ಲೇ ತೀವ್ರ ತೊಂದರೆಯಿದ್ದ 30 ಜನರ ಮೇಲೆ ಹಿಪ್ನೋಥೆರಪಿಯನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡಿತ್ತು. 12 ತಿಂಗಳು ಔಷಧಿ ತೆಗೆದುಕೊಂಡೂ ಸುಧಾರಿಸದವರನ್ನು ಹಿಪ್ನೋಥೆರಪಿಗೂ ಕಳಿಸಬಹುದು ಎಂದು ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2008ರ ಮಾರ್ಗಸೂಚಿ ಹೇಳಿತು. ಈ ಚಿಕಿತ್ಸೆಯಲ್ಲಿ ಅಂಗೈಯನ್ನು ಹೊಟ್ಟೆಯ ಮೇಲೆ ಇಡಿಸಿ, ಅದರ ಬಿಸುಪು ಒಳಕ್ಕೆ ಇಳಿಯುತ್ತಿದೆ ಎಂಬ ಸೂಚನೆ ಕೊಡುತ್ತೇವೆ. ಕೆಲವರಿಗೆ ಬಿಸುಪು ಹಿತವೆನಿಸುವುದಿಲ್ಲ, ಅವರಿಗೆ ತಂಪು ಬೇಕು. ಅದೂ ಕೇಳಿಯೇ ತಿಳಿಯಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ನನ್ನ ಹತ್ತಿರ ಬರುವುದಲ್ಲ, ಮೊದಲು ವೈದ್ಯರ ಹತ್ತಿರ ಹೋಗಬೇಕು.

ಸಿಗರೇಟಿನ ವಿಷಯಕ್ಕೆ ಬಂದರೆ ನಾನು ನೇರವಾಗಿ ಮಾತಾಡುತ್ತೇನೆ. ‘ಒಂದೇ ಸಿಟ್ಟಿಂಗ್‌ನಲ್ಲಿ ಬಿಡಿಸುತ್ತೇವೆ’ ಎಂಬ ಜಾಹೀರಾತು ನೋಡಿದಾಗ ಸಂಕಟವಾಗುತ್ತದೆ. ಚಿಕಿತ್ಸೆಗಳ ಪುರಾವೆಯನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಸಿಗರೇಟು ಬಿಡಿಸುವ ಬೇರೆ ನೆರವುಗಳಿಗಿಂತ ಹಿಪ್ನೋಥೆರಪಿ ಮೇಲು ಎನ್ನಲು ಸಾಕಷ್ಟು ಪುರಾವೆ ಅದಕ್ಕೆ ಸಿಗಲಿಲ್ಲ. ಹಾಗಾಗಿ ವೈದ್ಯರು ಕೊಡುವ ನಿಕೋಟಿನ್ ಪ್ಯಾಚ್ ಅಥವಾ ಮಾತ್ರೆ ಜೊತೆಗಿರಲಿ ಎನ್ನುತ್ತೇನೆ. ಊಟ ಆದ ಮೇಲಿನ ಸಿಗರೇಟು, ಫೋನ್ ಹಿಡಿದಾಗಿನ ಸಿಗರೇಟು, ಅಂಥ ಒಂದೊಂದು ಗಳಿಗೆಯನ್ನು ದಾಟುವ ತಾಲೀಮಿಗೆ ನನ್ನ ಸೂಚನೆ ಬಳಕೆಯಾಗುತ್ತದೆ.

ಎಲ್ಲರೂ ಒಂದೇ ರೀತಿ ಸ್ಪಂದಿಸುವುದೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿಗಳಾದ ವೈಟ್ಸೆನ್‌ಹಾಫರ್ ಮತ್ತು ಹಿಲ್‌ಗಾರ್ಡ್ 1959ರಲ್ಲಿ ಸಮ್ಮೋಹನಕ್ಕೆ ಯಾರು ಎಷ್ಟು ಸ್ಪಂದಿಸುತ್ತಾರೆ ಎಂದು ಅಳೆಯುವ ಮಾಪಕ ಮಾಡಿದರು. ಕೈ ಹಗುರಾಗಿ ಮೇಲೇಳುತ್ತಿದೆ ಎಂದರೆ ಕೆಲವರ ಕೈ ನಿಜಕ್ಕೂ ಏಳುತ್ತದೆ, ಕೆಲವರದು ಮಿಸುಕುವುದೇ ಇಲ್ಲ. ಹೆಚ್ಚಿನವರು ಇವೆರಡರ ನಡುವೆ. ಕೈ ಏಳದವರು ‘ನನ್ನಿಂದ ಆಗಲ್ಲ’ ಎಂದು ಕುಗ್ಗಿಬಿಡುತ್ತಾರೆ. ಅವರಿಗೆ ಉಸಿರಿನ ಅಭ್ಯಾಸ, ಯೋಚನೆಗಳ ಮೇಲಿನ ಮಾತುಕತೆ, ಹೀಗೆ ಬೇರೆ ದಾರಿಗಳಿವೆ. ಅದನ್ನು ನಾನು ಮೊದಲೇ ಹೇಳಿರುತ್ತೇನೆ.

ಆತಂಕ, ಭಯ, ನಿದ್ದೆ ಬಾರದಿರುವುದಕ್ಕೆ ಬರುವವರು ಕೆಲವೊಮ್ಮೆ ‘ಚಿಕ್ಕಂದಿನಲ್ಲಿ ಏನೋ ಆಗಿರಬೇಕು, ಅದನ್ನು ಹೊರಗೆ ತೆಗೆಯಿರಿ’ ಎನ್ನುತ್ತಾರೆ. ಇದನ್ನು ನಾನು ಮಾಡುವುದೇ ಇಲ್ಲ. ಸಮ್ಮೋಹನದಲ್ಲಿ ನಡೆಯದ ಘಟನೆಯೂ ನಡೆದಂತೆ ನೆನಪಾಗಬಹುದು, ಅದು ನಿಜವೇ ಎಂಬ ನಂಬಿಕೆಯೂ ಗಟ್ಟಿಯಾಗಬಹುದು. ಅದರಿಂದ ಕುಟುಂಬಗಳೇ ಒಡೆದುಹೋಗಬಹುದು. ಭ್ರಮೆ ಇರುವವರು, ಇಲ್ಲದ ದನಿ ಕೇಳಿಸುವವರು, ಸಾಯುವ ಯೋಚನೆ ಬರುತ್ತಿರುವವರು ಮೊದಲು ಮನೋವೈದ್ಯರನ್ನೇ ಕಾಣಬೇಕು.

ನೀವು ಯಾರ ಬಳಿಯಾದರೂ ಹೋಗುವುದಾದರೆ, ಕಣ್ಣು ಮುಚ್ಚುವ ಮೊದಲು ಒಂದು ಪ್ರಶ್ನೆ ಕೇಳಿ: ‘ಹಿಪ್ನೋಸಿಸ್ ಇಲ್ಲದೆಯೂ ನನ್ನ ಈ ತೊಂದರೆಗೆ ಚಿಕಿತ್ಸೆ ಕೊಡುವ ಓದು ಮತ್ತು ಅರ್ಹತೆ ನಿಮಗಿದೆಯೇ?’ ಸರಿಯಾದವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ನನ್ನನ್ನು ಕೇಳಿದವರಿಗೆಲ್ಲ ನಾನು ಖುಷಿಯಿಂದಲೇ ಉತ್ತರ ಕೊಟ್ಟಿದ್ದೇನೆ.