ಹಾಲು ಹಳದಿ ಕಂಡ ದಿನ

ನಮ್ಮಜ್ಜಿಗೆ ಆಗ ಏಳೋ ಎಂಟೋ ವರ್ಷ. ಅಕ್ಕಿಪೇಟೆಯ ಮನೆ. ರಾತ್ರಿ ಮಲಗುವಾಗ ಅವರ ಅಪ್ಪ ಒಂದು ಬಿಳಿ ಬಿಲ್ಲೆ ಕೊಟ್ಟು "ಮಿಠಾಯಿ, ಚೀಪು" ಅಂದರಂತೆ. ಬೆಳಿಗ್ಗೆ ಎದ್ದ ಕೂಡಲೇ ಹರಳೆಣ್ಣೆ ಕುಡಿಸಿದರು. ಆಮೇಲೆ ಲೋಟದಲ್ಲಿ ಹಾಲು ಕೊಟ್ಟರೆ ಹಾಲು ಹಳದಿ. ಸುಣ್ಣ ಹೊಡೆದ ಗೋಡೆ ಹಳದಿ. ಅಮ್ಮ ಮುಡಿದಿದ್ದ ಮಲ್ಲಿಗೆಯೂ ಹಳದಿ. ಅಜ್ಜಿ ಹೆದರಿ ಜೋರಾಗಿ ಅತ್ತರು. ಮನೆಯವರೂ ಹೆದರಿದರು. ಮಾರನೇ ದಿನ ಎಲ್ಲ ಮಾಮೂಲಾಗಿ ಕಂಡಾಗ ಅಣ್ಣಮ್ಮನ ಗುಡಿಗೆ ತಂಬಿಟ್ಟು ಮಾಡಿಕೊಂಡು ಹೋಗಿ ಬಂದರಂತೆ.

ಈ ಕತೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ. ಅಜ್ಜಿ ಏನೋ ಕನಸು ಕಂಡಿರಬೇಕು ಅಂದುಕೊಂಡಿದ್ದೆ. 1988ರಲ್ಲಿ ಡಿ.ಫಾರ್ಮ ಓದುವಾಗ ಒಂದು ಸಂಜೆ ಪುಸ್ತಕದಲ್ಲಿ ಸ್ಯಾಂಟೋನಿನ್ ಅನ್ನೋ ಔಷಧಿಯ ಪುಟ ಬಂತು. ಜಂತುಹುಳಕ್ಕೆ ಕೊಡುತ್ತಿದ್ದ ಹಳೇ ಔಷಧಿ. ತೆಗೆದುಕೊಂಡವರಿಗೆ ಕೆಲವು ಗಂಟೆ ಎಲ್ಲವೂ ಹಳದಿಯಾಗಿ ಕಾಣಬಹುದು ಅಂತ ಅಲ್ಲಿ ಬರೆದಿತ್ತು. ನನಗೆ ಮೈ ಜುಮ್ಮೆಂದಿತು. ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ. ಅಜ್ಜಿ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದಕ್ಕೊಂದು ಹೆಸರಿತ್ತು ಅನ್ನು" ಅಂದರು. ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ತಾವು ತಿಂದದ್ದು ಏನು ಅಂತ ಗೊತ್ತೇ ಇರಲಿಲ್ಲ.

ಸ್ಯಾಂಟೋನಿನ್ ಒಂದು ಗಿಡದ ಅರಳದ ಮೊಗ್ಗಿನಿಂದ ಬರುತ್ತಿತ್ತು. ಮಧ್ಯ ಏಷ್ಯಾದಲ್ಲಿ ಬೆಳೆಯುವ ಗಿಡ. ಅದೇ ಜಾತಿಯದು ನಮ್ಮ ಕಾಶ್ಮೀರದಲ್ಲೂ ಇದೆ. ಅದು ಹುಳವನ್ನು ಕೊಲ್ಲುವುದಿಲ್ಲ. ಹುಳದ ಮೈ ಸೋತು, ಕರುಳಿನ ಹಿಡಿತ ಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಹರಳೆಣ್ಣೆ, ಹೊರಗೆ ತಳ್ಳಲು. ಔಷಧಿ ಕಹಿ. ಮಕ್ಕಳು ಉಗುಳಬಾರದು ಅಂತ ಸಕ್ಕರೆಯಲ್ಲಿ ಬೆರೆಸಿ ಬಿಲ್ಲೆ ಮಾಡುತ್ತಿದ್ದರು. ಪ್ರಮಾಣ ಜಾಸ್ತಿಯಾದರೆ ಮಗುವಿಗೆ ಫಿಟ್ಸ್ ಬರುತ್ತಿತ್ತು. ಮಿಠಾಯಿ ಅಂತ ನಂಬಿದ ಮಗು ಇನ್ನೊಂದು ಕದ್ದು ತಿಂದಿದ್ದರೆ?

ಇದು ಸಂತೆಯಲ್ಲಿ ಮಾರುವ ನಾಟಿ ಔಷಧಿ ಆಗಿರಲಿಲ್ಲ. ಆಗ ಇಲ್ಲಿಯೂ ನಡೆಯುತ್ತಿದ್ದ ಬ್ರಿಟಿಷ್ ಫಾರ್ಮಕೋಪಿಯಾದಲ್ಲೇ, ಅಂದರೆ ಅಧಿಕೃತ ಔಷಧಿಗಳ ಪುಸ್ತಕದಲ್ಲೇ, ಸ್ಯಾಂಟೋನಿನ್ ಬಿಲ್ಲೆ ಇತ್ತು. ಅದೇ ಪುಸ್ತಕದಲ್ಲಿ ಒಂದು ಕಾಲಕ್ಕೆ ಗಂಟಲಿಗೆ ಚೀಪುವ ಮಾರ್ಫಿನ್ ಬಿಲ್ಲೆ, ಅಫೀಮಿನ ಬಿಲ್ಲೆ, ಕೊಕೇನ್ ಬಿಲ್ಲೆ ಎಲ್ಲವೂ ಇದ್ದವು. ಓದಿದ ವೈದ್ಯರೇ ಬರೆದುಕೊಡುತ್ತಿದ್ದರು.

ನಮ್ಮಪ್ಪ ಮಲ್ಲೇಶ್ವರದ ಒಂದು ಕ್ಲಿನಿಕ್‌ನಲ್ಲಿ ಕಾಂಪೌಂಡರ್. ಜನ ಮನೆಯಿಂದಲೇ ಬಾಟಲಿ ತೊಳೆದು ತರುತ್ತಿದ್ದರು. ಅಪ್ಪ ಮಿಕ್ಸ್ಚರ್ ತುಂಬಿ, ಬಿಳಿ ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಕಚ್ಚುಕಚ್ಚಾಗಿ ಕತ್ತರಿಸಿ ಬಾಟಲಿಯ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಕಚ್ಚು ಒಂದು ಹೊತ್ತಿಗೆ. ಸಂಜೆ ಹೊತ್ತು ಆ ಪಟ್ಟಿ ಕತ್ತರಿಸುವ ಕೆಲಸ ನನ್ನದು. ಹೊಟ್ಟೆಗೆ ಕೊಡುತ್ತಿದ್ದ ಗುಲಾಬಿ ಬಣ್ಣದ ಮಿಕ್ಸ್ಚರ್ ಅಂದರೆ ನಮಗೆಲ್ಲ ಪ್ರಾಣ. ನಾಲಿಗೆಯ ಮೇಲೆ ಸಿಹಿ, ಗಂಟಲಲ್ಲಿ ಬಿಸಿ, ಕೊನೆಗೆ ತಣ್ಣಗೆ. ಆ ಸಿಹಿ ಮತ್ತು ಬಿಸಿ ಹೆಚ್ಚಾಗಿ ಕ್ಲೋರೊಫಾರ್ಮ್‌ನದು ಅಂತ ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಹೌದು, ಆಪರೇಷನ್‌ಗೆ ಮೂಸಿಸುತ್ತಿದ್ದ ಅದೇ ಕ್ಲೋರೊಫಾರ್ಮ್. ಅದು ಸಕ್ಕರೆಗಿಂತ ಸುಮಾರು 40 ಪಟ್ಟು ಸಿಹಿ. ಒಂದು ಲೀಟರ್ ನೀರಿಗೆ ಎರಡೂವರೆ ಮಿಲಿಲೀಟರ್ ಸೇರಿಸಿದರೆ ಸಾಕು, ರುಚಿಯೂ ಬರುತ್ತಿತ್ತು, ಔಷಧಿ ಬೇಗ ಕೆಡುತ್ತಲೂ ಇರಲಿಲ್ಲ. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಕಂಡ ಮೇಲೆ 1976ರಲ್ಲಿ ಅಮೆರಿಕ ಅದನ್ನು ಔಷಧಿಗಳಿಂದ ತೆಗೆಸಿತು.

ಅದೇ 1976ರಲ್ಲಿ ನಮ್ಮ ಮನೆಯಲ್ಲೂ ಒಂದು ಘಟನೆ ನಡೆಯಿತು. ತಮ್ಮನಿಗೆ ನಾಲ್ಕು ವರ್ಷ. ಅಪ್ಪನಿಗೆ ಕೆಮ್ಮು ಅಂತ ಒಂದು ಬಾಟಲಿ ಮಿಕ್ಸ್ಚರ್ ತಂದು ಅಡುಗೆಮನೆಯ ಕಟ್ಟೆ ಮೇಲೆ ಇಟ್ಟಿದ್ದರು. ಸೋಂಪಿನ ವಾಸನೆ, ಪಾಕದಂಥ ಸಿಹಿ. ಅದರಲ್ಲಿ ಇದ್ದದ್ದು ಕರ್ಪೂರ ಬೆರೆಸಿದ ಅಫೀಮಿನ ಟಿಂಕ್ಚರ್. ಮಧ್ಯಾಹ್ನ ನೋಡಿದರೆ ನಾಲ್ಕು ಕಚ್ಚು ಖಾಲಿ, ತಮ್ಮ ಚಾಪೆಯ ಮೇಲೆ ನಿದ್ದೆ. ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ. ಅಮ್ಮ ಎತ್ತಿಕೊಂಡು ಕ್ಲಿನಿಕ್‌ಗೆ ಓಡಿದಳು, ನಾನು ಬಾಟಲಿ ಹಿಡಿದುಕೊಂಡು ಹಿಂದೆ. ಅಫೀಮು ಉಸಿರನ್ನು ನಿಧಾನ ಮಾಡುತ್ತದೆ. ರಾತ್ರಿ ಒಂಬತ್ತರ ತನಕ ಅಪ್ಪ ಕೈಯ ಎಚ್‌ಎಂಟಿ ವಾಚು ನೋಡುತ್ತಾ ತಮ್ಮನ ಉಸಿರು ಎಣಿಸುತ್ತಾ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ತಮ್ಮ ಪೂರ್ತಿ ಎಚ್ಚರವಾದಾಗ ಮೊದಲು ಕೇಳಿದ್ದು, "ಅಪ್ಪಾ, ಇನ್ನೊಂಚೂರು ಕೊಡ್ತೀಯಾ?"

ಆ ಬಾಟಲಿಯ ಮೇಲೆ ಕಾಗದದ ಪಟ್ಟಿ ಬಿಟ್ಟರೆ ಏನೂ ಬರೆದಿರಲಿಲ್ಲ. ಒಳಗೆ ಏನಿದೆ ಅಂತ ಅಮ್ಮನಿಗೆ ಗೊತ್ತಿದ್ದರೆ ಅದು ಕಟ್ಟೆ ಮೇಲೆ ಇರುತ್ತಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಸಿಹಿ ಹಾಕಿದ್ದು ತಪ್ಪಲ್ಲ. ಕಹಿ ಔಷಧಿಯನ್ನು ಮಗುವಿಗೆ ಬೇರೆ ಹೇಗೆ ಕೊಡುವುದು? ಆದರೆ ಹೆಸರು ಹೇಳದೆ ಕೊಟ್ಟದ್ದು ತಪ್ಪು.

ಹೆಸರು ಹೇಳಿ ಅಂತ ಕೇಳುವುದಕ್ಕೇ ಜಗತ್ತಿಗೆ ಎಷ್ಟು ಕಾಲ ಬೇಕಾಯಿತು ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಲ್ಲಿದ್ದ ಸೈನ್ಯದ ವೈದ್ಯ ಕಾಲಿಸ್ ಬ್ರೌನ್ ಕಾಲರಾಕ್ಕೆ ಅಂತ ಕ್ಲೋರೊಡೈನ್ ಮಾಡಿದ. ಅದರಲ್ಲಿ ಅಫೀಮು, ಗಾಂಜಾ, ಕ್ಲೋರೊಫಾರ್ಮ್ ಮೂರೂ ಇದ್ದವು. ಮುಂದೆ ಅದು ಕೆಮ್ಮಿನ ಪೆಪ್ಪರ್‌ಮಿಂಟ್ ಆಗಿಯೂ ಬಂತು. ಅಮೆರಿಕದಲ್ಲಿ 1849ರಿಂದ ಮಿಸೆಸ್ ವಿನ್ಸ್ಲೋ ಹೆಸರಿನ ಸಿರಪ್ ಮಾರಾಟವಾಗುತ್ತಿತ್ತು. ಹಲ್ಲು ಬರುವ ಕೂಸಿನ ಅಳು ನಿಲ್ಲಿಸಲು ಅಂತ. ಒಳಗಿದ್ದದ್ದು ಮಾರ್ಫಿನ್. ಎಷ್ಟೋ ಕೂಸುಗಳು ಮತ್ತೆ ಏಳಲೇ ಇಲ್ಲ. 1906ರಲ್ಲಿ ಅಲ್ಲಿ ಕಾನೂನು ಬಂತು. ಆ ಕಾನೂನು ಮಾರ್ಫಿನ್ ಹಾಕಬೇಡಿ ಅಂತ ಹೇಳಲಿಲ್ಲ. ಅಫೀಮು, ಮಾರ್ಫಿನ್, ಕೊಕೇನ್, ಕ್ಲೋರೊಫಾರ್ಮ್, ಗಾಂಜಾ ಇಂಥವು ಇದ್ದರೆ ಲೇಬಲ್ ಮೇಲೆ ಬರೆಯಿರಿ ಅಂತ ಮಾತ್ರ ಹೇಳಿತು. ನಮ್ಮ ದೇಶದ ಔಷಧಿ ಕಾನೂನು 1940ರದು.

ಈಗ ನಾನು ಬಸವನಗುಡಿಯಲ್ಲಿ ಮೆಡಿಕಲ್ ಶಾಪ್‌ನಲ್ಲಿ ಕೂರುತ್ತೇನೆ. "ಗ್ರಂಧಿಗೆ ಅಂಗಡೀದು ಅಲ್ವಾ ಮೇಡಂ, ಏನೂ ಆಗಲ್ಲ ಅಲ್ವಾ" ಅಂತ ಬೀಪಿ ಇರುವವರು ಅತಿಮಧುರದ ಕಡ್ಡಿಯನ್ನು ದಿನವಿಡೀ ಚೀಪುತ್ತಾರೆ. ಕೆಮ್ಮಿಗೆ ನಾಲ್ಕು ದಿನ ಸರಿ. ಆದರೆ ಆ ಸಿಹಿ ಕೊಡುವ ವಸ್ತುವೇ ತಿಂಗಳುಗಟ್ಟಲೆ ಹೋದರೆ ಬೀಪಿ ಏರಿಸುತ್ತದೆ, ಮೈಯ ಪೊಟ್ಯಾಸಿಯಂ ಇಳಿಸುತ್ತದೆ. ಅದೂ ಔಷಧಿಯೇ.

ಹೋದ ವಾರ ಒಬ್ಬ ತಾಯಿ ಡಾಕ್ಟರ ಚೀಟಿ ತಂದಳು. ಆಲ್ಬೆಂಡಜೋಲ್, 400 ಮಿಲಿಗ್ರಾಂ, ಅಗಿದು ತಿನ್ನುವ ಮಾತ್ರೆ, ಒಂದೇ ಒಂದು. ಫೆಬ್ರವರಿಯ ಜಂತುಹುಳು ನಿವಾರಣಾ ದಿನ ಶಾಲೆಯಲ್ಲಿ ಕೊಡುವುದೂ ಇದನ್ನೇ. ಹುಡುಗ ಆ ದಿನ ಶಾಲೆಗೆ ಹೋಗಿರಲಿಲ್ಲವಂತೆ. "ಚಾಕ್ಲೇಟ್ ಕಣೋ ಪುಟ್ಟ, ತಿನ್ನು" ಅಂದಳು ಅವಳು. ನಾನು ತಡೆದೆ. ಕವರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅವನ ಕೈಗೆ ಕೊಟ್ಟು ಓದು ಅಂದೆ. ಎರಡನೇ ಕ್ಲಾಸಿನ ಹುಡುಗ. ಬೆರಳಿಟ್ಟು ಓದಿದ. "ಆ... ಲ್ಬೆಂ... ಡ... ಜೋಲ್."

"ಇದು ಏನು ಮಾಡುತ್ತೆ ಆಂಟಿ?"

"ನಿನ್ನ ಹೊಟ್ಟೇಲಿರೋ ಹುಳಕ್ಕೆ ಸಕ್ಕರೆ ಹೀರೋಕೆ ಆಗದ ಹಾಗೆ ಮಾಡುತ್ತೆ. ಹೊಟ್ಟೆಗಿಲ್ಲದೆ ಸಾಯುತ್ತೆ."

ಸ್ವಲ್ಪ ಯೋಚಿಸಿದ. ಆಮೇಲೆ ಅಲ್ಲೇ ನಿಂತು ಕಚಕಚನೆ ಅಗಿದ. ಖಾಲಿ ಕವರನ್ನು ಬಿಸಾಕಲಿಲ್ಲ, ಮಡಚಿ ಜೇಬಿಗೆ ಹಾಕಿಕೊಂಡ.